ಕೊನೆಯ ಸಾಲಿಗೂ ಕೇಳಿಸಬೇಕು

ನಾನು ಹುಡುಗನಾಗಿದ್ದಾಗ ನಮ್ಮೂರ ಜಾತ್ರೆಗೆ ಬಂದ ನಾಟಕ ಕಂಪನಿಯವರು ರಂಗದ ಮೇಲಿಂದ ಮೂರು ಮೈಕು ಇಳಿಬಿಟ್ಟಿದ್ದರು. ರಾಜನಿಗೆ ಸಿಟ್ಟು ಬಂದರೂ, ರಾಣಿಗೆ ಅಳು ಬಂದರೂ ಮೊದಲು ಅದರ ಕೆಳಗೆ ಬಂದು ನಿಲ್ಲಬೇಕು. ಪಕ್ಕದಲ್ಲಿ ಕೂತಿದ್ದ ದಾದಾ, "ಗೂಟಕ್ಕೆ ಕಟ್ಟಿದ ಎತ್ತುಗಳು ನೋಡು" ಎಂದು ನಕ್ಕರು. ಅವರು ಮೈಕಿಲ್ಲದ ನಾಟಕ ಕೇಳಿ ಬೆಳೆದವರು.

ಆಗ ಹಾಡು ಕೊನೆಯ ಸಾಲಿನವನನ್ನು ಮುಟ್ಟುತ್ತಿದ್ದುದಾದರೂ ಹೇಗೆ? ಇದನ್ನು ತಿಳಿಯಲು ಮುಂಬಯಿಯ ಪಾರ್ಸಿ ರಂಗಭೂಮಿಗೆ ಹೋಗಬೇಕು. 1870ರ ದಶಕದಲ್ಲಿ ಅಲ್ಲಿನ ಕಂಪನಿಗಳು ಉರ್ದು ನಾಟಕ ಆಡತೊಡಗಿದವು. ಲಖನೌದ ಅಮಾನತರ 'ಇಂದರ್ ಸಭಾ' ಅವರಿಗೆ ಸಿಕ್ಕಿತು. ಅದರಲ್ಲಿ ಹಾಡೇ ಹಾಡು. ಪ್ಯಾರಿಸ್ಸಿನಲ್ಲಿ 1842ರಲ್ಲಿ ಪೇಟೆಂಟ್ ಪಡೆದಿದ್ದ ಹಾರ್ಮೋನಿಯಂ ಕ್ರಮೇಣ ರಂಗಕ್ಕೆ ಬಂತು. ಸಾರಂಗಿ ಮನುಷ್ಯನ ಗಂಟಲಿಗೆ ಹತ್ತಿರ, ನಿಜ. ಆದರೆ ಥಿಯೇಟರಿನ ಗದ್ದಲದಲ್ಲಿ ಅದು ಮುಳುಗುತ್ತದೆ. ಕಾಲಿನಿಂದ ತಿದಿಯೊತ್ತುವ ಪೆಟ್ಟಿಗೆಯ ದನಿ ದೊಡ್ಡದು, ಎರಡು ಕೈಯೂ ಬಿಡುವು. ಮೀಂಡ್ ನುಡಿಯದ ಈ ವಾದ್ಯವನ್ನು ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹೊರಗಟ್ಟಿತು. ಮತ್ತೆ ಒಳಗೆ ಬಿಟ್ಟುಕೊಳ್ಳಲು ಮೂರು ದಶಕ ಬೇಕಾಯಿತು.

ತಿರುಗಾಟದ ಪಾರ್ಸಿ ಕಂಪನಿಗಳು ಮೈಸೂರು ಸೀಮೆಗೂ ಬಂದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ನಮ್ಮ ಮಂಡಳಿಗಳಲ್ಲೂ ಪಾರ್ಸಿ ಮಟ್ಟುಗಳು ನೆಲೆಯೂರಿದವು.

ಹಾಡಿನಂತೆ ಮಾತಿಗೂ ಉಪಾಯವಿತ್ತು. ಆಗಾ ಹಶ್ರ್ ಕಾಶ್ಮೀರಿಯವರ (1879–1935) ಪ್ರಾಸಬದ್ಧ ಸಂಭಾಷಣೆಗಳನ್ನು ಕಾಲೇಜಿನ ದಿನಗಳಲ್ಲಿ ನಾನೂ ಗೇಲಿ ಮಾಡಿದ್ದೆ. ಒಮ್ಮೆ ಜೋರಾಗಿ ಓದಿದಾಗ ಬೇರೆಯೇ ಹೊಳೆಯಿತು: ಒಂದು ಪದ ಕಿವಿತಪ್ಪಿದರೂ ಕಾಫಿಯಾ ಅದನ್ನು ಊಹಿಸಿಕೊಡುತ್ತದೆ. ಹಿಂದೆ ಕೂತ, ಕಡಿಮೆ ಕಾಸಿನ ಟಿಕೆಟ್ಟಿನವನಿಗೂ ಕತೆ ದಕ್ಕುತ್ತದೆ. ಕಂಪನಿಯ ಮುನ್ಷಿಗಳಿಗೆ ಅವನ ನೆನಪಿತ್ತೆಂದೇ ನನ್ನ ನಂಬಿಕೆ.

1931ರಲ್ಲಿ ಅರ್ದೇಶಿರ್ ಇರಾನಿ ಒಂದು ಪಾರ್ಸಿ ನಾಟಕವನ್ನೇ 'ಆಲಂ ಆರಾ' ಟಾಕಿಯಾಗಿ ತೆಗೆದರು. ಸ್ಟುಡಿಯೋ ಪಕ್ಕದಲ್ಲಿ ರೈಲು ಹಳಿ. ಸದ್ದಡಗಿದ ಮೇಲೆ ರಾತ್ರಿ ಚಿತ್ರೀಕರಣ. ಮೈಕನ್ನು ಕ್ಯಾಮೆರಾಕ್ಕೆ ಕಾಣದಂತೆ ಬಚ್ಚಿಡಬೇಕು. ಫಕೀರನಾಗಿ ಡಬ್ಲ್ಯೂ. ಎಂ. ಖಾನ್ ಹಾಡಿದಾಗ ಜೊತೆಗಿದ್ದದ್ದು ಅದೇ ಹಾರ್ಮೋನಿಯಂ ಮತ್ತು ತಬಲಾ. ಆದರೆ ಆ ಹಾಡು ಮುಟ್ಟಬೇಕಿದ್ದದ್ದು ಕೊನೆಯ ಸಾಲನ್ನಲ್ಲ, ಹತ್ತಿರವೇ ಅಡಗಿದ್ದ ಯಂತ್ರವನ್ನು. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ತಾವು ಕೇಳಿದ ರಂಗಗೀತೆಗಳನ್ನು ದಾದಾ ನನಗೆ ಹಾಡಿ ತೋರಿಸುತ್ತಿದ್ದರು. ತಾರಸ್ಥಾಯಿಗೆ ಏರುವಾಗ ದನಿ ಒಡೆದು ಕೆಮ್ಮು ಬರುತ್ತಿತ್ತು. "ಇಲ್ಲಿ ಇನ್ನೂ ಮೇಲೆ ಹೋಗ್ತಿದ್ರು" ಎಂದು ಕೈಯನ್ನು ಸೂರಿನತ್ತ ಎತ್ತುತ್ತಿದ್ದರು.