ಏಡಿ ಹಿಡಿಯುವ ಹವ್ಯಾಸ: ಹೊಸಬರು ತಿಳಿದಿರಬೇಕಾದ ಸಂಗತಿಗಳು

ನದಿಗಳು ಕಡಲನ್ನು ಸೇರುವ ಅಳಿವೆಗಳು ಏಡಿಗಳ ನೆಲೆವೀಡು. ಕಾರವಾರದ ಕಾಳಿ, ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ, ಕುಂದಾಪುರದ ಪಂಚಗಂಗಾವಳಿ ಅಳಿವೆಗಳ ಕೆಸರಿನಲ್ಲಿ, ಕಾಂಡ್ಲಾ ಗಿಡಗಳ ಬುಡದಲ್ಲಿ ಸ್ಕಿಲ್ಲಾ ಕುಲಕ್ಕೆ ಸೇರಿದ ಕೆಸರು ಏಡಿ ಬಿಲ ತೋಡಿಕೊಂಡು ವಾಸಿಸುತ್ತದೆ. ಇದನ್ನು ಹಿಡಿಯುವುದು ಕರಾವಳಿಯ ಅನೇಕರಿಗೆ ಜೀವನೋಪಾಯ, ಕೆಲವರಿಗೆ ಹವ್ಯಾಸ.

ಸಲಕರಣೆ

ಆರಂಭಕ್ಕೆ ಗಟ್ಟಿ ದಾರ, ಹಿಡಿಯುಳ್ಳ ಕೈಬಲೆ, ಮುಚ್ಚಳವಿರುವ ಬುಟ್ಟಿ ಸಾಕು. ದಾರದ ತುದಿಗೆ ಮೀನಿನ ತಲೆಯನ್ನೋ ಕೋಳಿಯ ಕರುಳನ್ನೋ ಕಟ್ಟಿ ನೀರಿಗಿಳಿಸಬೇಕು. ದಾರ ಬಿಗಿಯಾದಾಗ ನಿಧಾನವಾಗಿ ಎಳೆದು, ಏಡಿ ನೀರಿನ ಮೇಲ್ಮೈಗೆ ಬರುವ ಮೊದಲೇ ಕೆಳಗಿನಿಂದ ಕೈಬಲೆ ಒಡ್ಡಬೇಕು. ಮೇಲೆ ಬಂದೊಡನೆ ಅದು ಹಿಡಿತ ಬಿಟ್ಟು ಜಾರಿಕೊಳ್ಳುತ್ತದೆ. ಕಬ್ಬಿಣದ ಬಳೆಗೆ ಬಲೆ ಹೆಣೆದು ನಡುವೆ ಎರೆ ಕಟ್ಟುವ ವಿಧಾನವೂ ಉಂಟು. ಅದನ್ನು ತಡೆಯದೆ ಒಂದೇ ಸಲಕ್ಕೆ ಮೇಲೆತ್ತಬೇಕು.

ಸಮಯ

ಏಡಿ ಹೆಚ್ಚಾಗಿ ನಿಶಾಚರಿ. ಉಬ್ಬರದ ನೀರಿನೊಡನೆ ಆಹಾರ ಹುಡುಕುತ್ತಾ ದಡದತ್ತ ಬರುತ್ತದೆ. ಉಬ್ಬರ ಇಳಿತಗಳ ನಡುವೆ ಸುಮಾರು 6 ಗಂಟೆಗಳ ಅಂತರವಿದ್ದು, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಅಧಿಕ. ಇಳಿತದಲ್ಲಿ ಕೆಸರು ಬಯಲಿಗೆ ಇಳಿದವರನ್ನು ಉಬ್ಬರ ಸುತ್ತುವರಿಯಬಹುದಾದ್ದರಿಂದ ಒಬ್ಬಂಟಿಯಾಗಿ ಹೋಗುವುದು ಅಪಾಯಕರ. ಮಳೆಗಾಲದಲ್ಲಿ ನದಿಗಳು ತುಂಬಿ ಹರಿಯುವಾಗ ಈ ಹವ್ಯಾಸ ಸಲ್ಲದು.

ಹಿಡಿಯುವಾಗ ಎಚ್ಚರ

ಏಡಿಯ ಮುಂದಿನ ಎರಡು ಇಕ್ಕುಳಗಳು ಬೆರಳನ್ನು ತೀವ್ರವಾಗಿ ಗಾಯಗೊಳಿಸಬಲ್ಲವು. ಕೋಲಿನಿಂದ ಒತ್ತಿಹಿಡಿದು, ಹಿಂಬದಿಯಿಂದ ಚಿಪ್ಪನ್ನು ಹಿಡಿಯಬೇಕು. ಕಚ್ಚಿಕೊಂಡರೆ ಎಳೆದಾಡದೆ ಕೈಯನ್ನು ನೀರಿನಲ್ಲಿ ಮುಳುಗಿಸಿದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಸತ್ತ ಏಡಿಯ ಮಾಂಸ ಬಹುಬೇಗ ಕೆಡುವುದರಿಂದ ಜೀವಂತವಿದ್ದುದನ್ನಷ್ಟೇ ಅಡುಗೆಗೆ ಬಳಸಬೇಕು.

ಯಾವುದನ್ನು ಬಿಡಬೇಕು?

ಏಡಿಯನ್ನು ಮಗುಚಿ ನೋಡಿದರೆ ಗಂಡು ಹೆಣ್ಣಿನ ಭೇದ ತಿಳಿಯುತ್ತದೆ. ಗಂಡಿನ ಹೊಟ್ಟೆಯ ಮಡಿಕೆ ಕಿರಿದಾದ ತ್ರಿಕೋನ. ಬಲಿತ ಹೆಣ್ಣಿನದು ಅಗಲವಾಗಿ ದುಂಡಗಿರುತ್ತದೆ. ಮೊಟ್ಟೆಯಿಡಲು ಕಡಲಿಗೆ ಸಾಗುವ ಹೆಣ್ಣು ಏಡಿ ಲಕ್ಷಾಂತರ ಮೊಟ್ಟೆಗಳನ್ನು ಮಡಿಕೆಯಡಿ ಹೊತ್ತಿರುತ್ತದೆ. ಕಿತ್ತಳೆ ಅಥವಾ ಕಪ್ಪು ಬಣ್ಣದ ಮೊಟ್ಟೆಗೊಂಚಲು ಕಂಡರೆ ತಕ್ಷಣ ನೀರಿಗೆ ಬಿಡಬೇಕು. ಎಳೆಯ ಏಡಿಗಳನ್ನೂ, ಪೊರೆ ಕಳಚಿ ಮೆತ್ತಗಿರುವವನ್ನೂ ಒಯ್ಯಬಾರದು. ಪೊರೆ ಕಳಚಿದ ಏಡಿಯಲ್ಲಿ ಮಾಂಸಕ್ಕಿಂತ ನೀರೇ ಅಧಿಕ.

ಅಳಿವೆಯಲ್ಲಿ ಇತರರು ಇಟ್ಟ ಬಲೆಗಳನ್ನು ಮುಟ್ಟುವುದು ತರವಲ್ಲ. ಹೋಗುವ ಮುನ್ನ ಸ್ಥಳೀಯ ಮೀನುಗಾರರನ್ನೂ ಮೀನುಗಾರಿಕೆ ಇಲಾಖೆಯ ಕಚೇರಿಯನ್ನೂ ವಿಚಾರಿಸುವುದು ಲೇಸು. ಹವ್ಯಾಸಿಗೆ ಒಂದು ಹೊತ್ತಿನ ಊಟವಾಗುವ ಏಡಿ, ಅವರಿಗೆ ನಾಳಿನ ದುಡಿಮೆ.