ಕಾದು ಕೂತ ಪ್ರೋಗ್ರಾಂ

ವೆಬ್‌ಗೆ ನೆನಪಿನ ಶಕ್ತಿ ಇಲ್ಲ. ಪುಟ ಕಳಿಸಿದ ಮೇಲೆ ಸರ್ವರ್ ಕೈತೊಳೆದುಕೊಳ್ಳುತ್ತದೆ. ಐದು ಪುಟಗಳ ಅರ್ಜಿಯೊಂದಕ್ಕೆ ಪ್ರೋಗ್ರಾಂ ಬರೆಯುವಾಗ ನಾನು ಇದರಿಂದ ಸಾಕಷ್ಟು ಒದ್ದಾಡಿದ್ದೇನೆ. ಯಾರೋ ಬ್ಯಾಕ್ ಬಟನ್ ಒತ್ತುತ್ತಿದ್ದರು, ಇನ್ಯಾರೋ ಎರಡು ವಿಂಡೋ ತೆರೆಯುತ್ತಿದ್ದರು, ಉತ್ತರಗಳೆಲ್ಲ ಕಲಸುಮೇಲೋಗರ.

ಆಗ ಸಿಕ್ಕಿದ್ದು ಅಪಾಚೆ ಕೊಕೂನ್. 1999ರಲ್ಲಿ ಇಟಲಿಯ ಸ್ಟೆಫಾನೊ ಮಝೋಕಿ ಶುರುಮಾಡಿದ ಈ ಜಾವಾ ಫ್ರೇಮ್‌ವರ್ಕಿನ ಜೀವಾಳ ಎಕ್ಸ್‌ಎಂಎಲ್. ಒಂದೇ ಮಾಹಿತಿ ಎಕ್ಸ್‌ಎಸ್‌ಎಲ್‌ಟಿಯಲ್ಲಿ ರೂಪ ಬದಲಿಸಿ ಎಚ್‌ಟಿಎಂಎಲ್ಲೋ ಪಿಡಿಎಫ್ಫೋ ಆಗಿ ಹೊರಬರುತ್ತಿತ್ತು. ಪುಟ ತೋರಿಸಲು ಚೆಂದ. ಆದರೆ ‘ಇದಾದ ಮೇಲೆ ಅದು’ ಎಂಬುದನ್ನೂ ಎಕ್ಸ್‌ಎಂಎಲ್‌ನಲ್ಲೇ ಬರೆಯಹೋದರೆ ಬರೀ ಟ್ಯಾಗುಗಳ ಕಾಡು.

2002ರಲ್ಲಿ ಒವಿಡಿಯು ಪ್ರೆಡೆಸ್ಕು ಸ್ಕೀಮ್ ಭಾಷೆಯನ್ನು ಅದರೊಳಗೆ ತಂದರು. ಸ್ಕೀಮಿನಲ್ಲಿ ‘ಕಂಟಿನ್ಯುಯೇಶನ್’ ಇದೆ: ಓಡುತ್ತಿರುವ ಪ್ರೋಗ್ರಾಮನ್ನು ನಡುವೆಯೇ ನಿಲ್ಲಿಸಿ, ಆ ಕ್ಷಣವನ್ನು ಎತ್ತಿಡುವ ಉಪಾಯ. ಆದರೆ ಆವರಣ ಚಿಹ್ನೆಗಳೇ ತುಂಬಿದ ಆ ಭಾಷೆ ಎಷ್ಟು ಜನಕ್ಕೆ ರುಚಿಸೀತು? ಕ್ರಿಸ್ಟೋಫರ್ ಆಲಿವರ್ ಮೊಜಿಲ್ಲಾದ ರೈನೋವನ್ನು ತಿದ್ದಿ ಅದೇ ಗುಣವನ್ನು ಜಾವಾಸ್ಕ್ರಿಪ್ಟಿಗೆ ಕೊಟ್ಟರು. 2003ರ ಕೊಕೂನ್ 2.1ರಲ್ಲಿ ಅದು ಫ್ಲೋಸ್ಕ್ರಿಪ್ಟ್ ಎಂಬ ಹೆಸರಿನಲ್ಲಿ ಬಂತು.

ಸೆಂಡ್‌ಪೇಜ್‌ಆಂಡ್‌ವೇಟ್ ಎಂದು ಬರೆದರೆ ಸಾಕು. ಪುಟ ಹೋಗುತ್ತಿತ್ತು, ಪ್ರೋಗ್ರಾಂ ಅದೇ ಸಾಲಿನಲ್ಲಿ ಕಾದು ಕೂರುತ್ತಿತ್ತು. ಉತ್ತರ ಬಂದಾಗ ಅಲ್ಲಿಂದಲೇ ಮುಂದಕ್ಕೆ. ಪ್ರತಿ ಪುಟಕ್ಕೂ ತನ್ನದೇ ಗುರುತು ಇದ್ದುದರಿಂದ ಹಿಂದಿನ ಪುಟಕ್ಕೆ ಹೋದವರಿಗೆ ಹಿಂದಿನ ಸ್ಥಿತಿಯೇ ಸಿಗುತ್ತಿತ್ತು. ಐದು ಪುಟದ ಅರ್ಜಿ ನನಗೆ ಐದು ಸಾಲಿನ ಕಥೆಯಾಯಿತು!

ಹೀಗೆ ಎತ್ತಿಟ್ಟ ಕ್ಷಣಗಳೆಲ್ಲ ಸರ್ವರಿನ ಮೆಮೊರಿಯಲ್ಲಿ ಕೂರುತ್ತವೆ. ಹಾಗಾಗಿ ಅವಕ್ಕೊಂದು ಅವಧಿ. ನಾಲ್ಕನೇ ಪುಟ ಬಿಟ್ಟು ಊಟಕ್ಕೆ ಹೋದವರೊಬ್ಬರು ಬಂದು ಮತ್ತೆ ಮೊದಲಿನಿಂದ ತುಂಬಿದರು. ಆ ಅವಧಿ ಗೊತ್ತುಮಾಡಿದ್ದವನು ನಾನೇ.