ಚುಕ್ಕೆ ಫೈಲುಗಳ ಐದು ದಶಕ

ಹೊಸ ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ತೆರೆದ ಪ್ರೋಗ್ರಾಮರ್‌ಗೆ ಮೊದಲ ದಿನ ಕೈ ಕಟ್ಟಿಹಾಕಿದಂತಾಗುತ್ತದೆ. ರೂಢಿಯಾದ ಶಾರ್ಟ್‌ಕಟ್ ಕೆಲಸ ಮಾಡುವುದಿಲ್ಲ, ಎಡಿಟರ್ ಅಪರಿಚಿತವೆನಿಸುತ್ತದೆ, ಕಮಿಟ್ ಮಾಡಲು ಹೋದರೆ ಗಿಟ್ ನೀವು ಯಾರೆಂದು ಕೇಳುತ್ತದೆ. ವರ್ಷಗಟ್ಟಲೆ ಕೂಡಿಬಂದ ಅನುಕೂಲವೆಲ್ಲ ಹಳೆಯ ಯಂತ್ರದ ಹೋಮ್ ಡೈರೆಕ್ಟರಿಯಲ್ಲಿ, ಹೆಸರಿನ ಮೊದಲಿಗೆ ಚುಕ್ಕೆಯಿರುವ ಸಣ್ಣ ಸಣ್ಣ ಪಠ್ಯ ಫೈಲುಗಳಲ್ಲಿ ಉಳಿದಿರುತ್ತದೆ. ಅವೇ ಡಾಟ್‌ಫೈಲ್‌ಗಳು. ಕೆಲಸ ಬಿಡುವಾಗ ಲ್ಯಾಪ್‌ಟಾಪನ್ನೂ ಒಪ್ಪಿಸಿ ಬರಬೇಕಾದ ಬೆಂಗಳೂರಿನ ಐಟಿ ಜಗತ್ತಿನಲ್ಲಿ ಅವನ್ನು ಜೋಪಾನ ಮಾಡುವುದು ಕಸುಬಿನ ಭಾಗವೇ ಆಗಿದೆ.

ಈ ಫೈಲುಗಳು ಕಣ್ಣಿಗೆ ಬೀಳದಂತೆ ಇರುವುದರ ಹಿಂದೆ ಯಾವ ಯೋಜನೆಯೂ ಇರಲಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ 2012ರಲ್ಲಿ ಇದರ ಕತೆಯನ್ನು ಬರೆದರು. ಯುನಿಕ್ಸ್ ಫೈಲ್ ವ್ಯವಸ್ಥೆಗೆ ಡೈರೆಕ್ಟರಿಯೊಳಗೆ ಡೈರೆಕ್ಟರಿ ಇಡುವ ಏರ್ಪಾಡು ಬಂದಾಗ ಪ್ರತಿ ಡೈರೆಕ್ಟರಿಯಲ್ಲೂ ಎರಡು ವಿಶೇಷ ನಮೂದುಗಳು ಸೇರಿಕೊಂಡವು: ತನ್ನನ್ನೇ ಸೂಚಿಸುವ ಒಂದು ಚುಕ್ಕೆ, ಮೇಲಿನದನ್ನು ಸೂಚಿಸುವ ಎರಡು ಚುಕ್ಕೆ. ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆ ಇವನ್ನು ಬಿಟ್ಟುಬಿಡಲೆಂದು ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಅಥವಾ ಡೆನಿಸ್ ರಿಚಿ ಅಸೆಂಬ್ಲಿ ಕೋಡಿನಲ್ಲಿ ಒಂದು ಪುಟ್ಟ ಪರೀಕ್ಷೆ ಸೇರಿಸಿದರು: ಹೆಸರಿನ ಮೊದಲ ಅಕ್ಷರ ಚುಕ್ಕೆಯಾದರೆ ತೋರಿಸಬೇಡ. ಪೂರ್ತಿ ಹೆಸರನ್ನು ಹೋಲಿಸಿ ನೋಡಿದ್ದರೆ ಆ ಎರಡು ನಮೂದುಗಳಷ್ಟೇ ಮರೆಯಾಗುತ್ತಿದ್ದವು. ಒಂದೇ ಅಕ್ಷರ ನೋಡಿದ್ದರಿಂದ ಚುಕ್ಕೆಯಿಂದ ಶುರುವಾಗುವ ಎಲ್ಲ ಫೈಲುಗಳೂ ಮರೆಯಾದವು. ಪೈಕ್ ಪ್ರಕಾರ ಇದೊಂದು ಕೆಟ್ಟ ಮೇಲ್ಪಂಕ್ತಿ. ಹೋಮ್ ಡೈರೆಕ್ಟರಿ ಕಸದ ರಾಶಿಯಾಗಲು ಇದೇ ಮೂಲ. ಅವರ ದೂರಿನಲ್ಲಿ ಹುರುಳಿದೆ. ಆದರೆ ಪ್ರತಿಯೊಬ್ಬ ಬಳಕೆದಾರರಿಗೂ ತಮ್ಮದೇ ಆದ, ಓದಿ ತಿದ್ದಬಹುದಾದ ಸೆಟ್ಟಿಂಗ್ ಫೈಲು ಇರಬೇಕೆಂಬ ರೂಢಿ ಬೆಳೆದದ್ದೂ ಈ ಅಡಗುತಾಣದಲ್ಲೇ.

ಮುಂದಿನದು ಬೇಗ ನಡೆಯಿತು. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಬೋರ್ನ್ ಶೆಲ್ ಲಾಗಿನ್ ಹೊತ್ತಿಗೆ ಪ್ರೊಫೈಲ್ ಫೈಲನ್ನು ಓದುತ್ತಿತ್ತು. ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್‌ಗೆ ತನ್ನದೇ ಫೈಲಿತ್ತು. ಈಮ್ಯಾಕ್ಸ್, ವಿಮ್, ಬ್ಯಾಶ್, ಝಡ್‌ಶೆಲ್ ಒಂದೊಂದೂ ಇದೇ ದಾರಿ ಹಿಡಿದವು. 2003ರಲ್ಲಿ ಫ್ರೀಡೆಸ್ಕ್‌ಟಾಪ್ ಸಮುದಾಯ ಸೆಟ್ಟಿಂಗ್‌ಗೊಂದು, ಕ್ಯಾಶ್‌ಗೊಂದು, ದತ್ತಾಂಶಕ್ಕೊಂದು ಜಾಗ ಗೊತ್ತುಮಾಡಿ ಈ ಗಲಿಬಿಲಿಗೆ ಶಿಸ್ತು ತರಲು ಹೊರಟಿತು. ಅದನ್ನು ಪಾಲಿಸದ ತಂತ್ರಾಂಶಗಳು ಇಂದಿಗೂ ಬೇಕಾದಷ್ಟಿವೆ.

ಫೈಲುಗಳು ಹೆಚ್ಚಿದಂತೆ ಅವುಗಳ ಇತಿಹಾಸವನ್ನೂ ಉಳಿಸಿಕೊಳ್ಳಬೇಕೆನಿಸಿತು. ಡೆಬಿಯನ್ ಡೆವಲಪರ್ ಜೋಯಿ ಹೆಸ್ 2002ರಲ್ಲಿ ಲಿನಕ್ಸ್ ಜರ್ನಲ್‌ಗೆ ಬರೆದ ಲೇಖನದಲ್ಲಿ ತಮ್ಮ ಹೋಮ್ ಡೈರೆಕ್ಟರಿಯನ್ನೇ ಆವೃತ್ತಿ ನಿಯಂತ್ರಣ ತಂತ್ರಾಂಶವಾದ ಸಿವಿಎಸ್‌ನಲ್ಲಿ ಇಟ್ಟ ಬಗೆಯನ್ನು ವಿವರಿಸಿದರು. ಯಾವ ಯಂತ್ರದ ಮುಂದೆ ಕೂತರೂ ಅದೇ ಮನೆ, ಯಾವ ಬದಲಾವಣೆಯನ್ನಾದರೂ ಹಿಂದಕ್ಕೆ ತಿರುಗಿಸುವ ಸೌಕರ್ಯ. ಹಲವು ಯಂತ್ರಗಳ ನಡುವೆ ಹಂಚಿಕೊಳ್ಳಲು ಸಿವಿಎಸ್‌ಗೆ ಸರ್ವರ್ ಬೇಕಿದ್ದುದರಿಂದ ಈ ವಿಧಾನ ಕೆಲವರ ಪ್ರಯೋಗವಾಗಿಯೇ ಉಳಿಯಿತು. 2005ರಲ್ಲಿ ಗಿಟ್, 2008ರಲ್ಲಿ ಗಿಟ್‌ಹಬ್ ಬಂದ ಮೇಲೆ ಅದು ಎಲ್ಲರ ರೂಢಿಯಾಯಿತು. ಸಾವಿರಾರು ಜನ ತಮ್ಮ ಡಾಟ್‌ಫೈಲ್‌ಗಳನ್ನು ಬಹಿರಂಗವಾಗಿ ಇಟ್ಟರು. ಅವನ್ನು ಇನ್ನೊಬ್ಬರು ಫೋರ್ಕ್ ಮಾಡಿ ತಮ್ಮದಾಗಿಸಿಕೊಳ್ಳಲಿ ಎಂದು 2010ರಲ್ಲಿ ಪ್ರೋಗ್ರಾಮರ್ ಝ್ಯಾಕ್ ಹೋಲ್ಮನ್ ವಾದಿಸಿದರು. ಪಕ್ಕದಲ್ಲಿ ಕೂತು ಕಲಿಸುವವರಿಲ್ಲದ ಊರಿನ ಹುಡುಗ ಹುಡುಗಿಯರು ನುರಿತವರ ಫೈಲುಗಳನ್ನು ಸಾಲುಸಾಲಾಗಿ ಓದಿ ಕಲಿತರಲ್ಲ, ಈ ಕಾಲದ ದೊಡ್ಡ ಲಾಭ ಅದೇ ಎಂದು ನಾನು ನಂಬಿದ್ದೇನೆ.

ಬಹಿರಂಗವಾದದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. 2013ರ ಜನವರಿಯಲ್ಲಿ ಗಿಟ್‌ಹಬ್ ಹೊಸ ಹುಡುಕಾಟದ ಸೌಲಭ್ಯ ತೆರೆದಾಗ ಎಷ್ಟೋ ಜನರ ಎಸ್‌ಎಸ್‌ಎಚ್ ಖಾಸಗಿ ಕೀಲಿಗಳು ಹುಡುಕಿದವರಿಗೆಲ್ಲ ಸಿಕ್ಕವು. ಹೋಮ್ ಡೈರೆಕ್ಟರಿಯನ್ನು ಇಡಿಯಾಗಿ ಸೇರಿಸಿದವರ ಗುಟ್ಟುಗಳೂ ಜೊತೆಗೆ ಹೋಗಿದ್ದವು. ಒಮ್ಮೆ ಕಮಿಟ್ ಆದದ್ದು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಇದ್ದೇ ಇರುತ್ತದೆ. ಕೀಲಿಯನ್ನೇ ಬದಲಿಸದೆ ಬೇರೆ ದಾರಿಯಿಲ್ಲ.

ಇನ್ನು ರೆಪೊಸಿಟರಿಯಲ್ಲಿರುವ ಫೈಲು ತನ್ನ ಜಾಗಕ್ಕೆ ಸೇರುವುದು ಹೇಗೆ? ಹಲವರು ಸಿಮ್‌ಲಿಂಕ್ ಹಾಕುವ ಸ್ಕ್ರಿಪ್ಟನ್ನು ತಾವೇ ಬರೆದುಕೊಂಡರು. ತಂತ್ರಾಂಶ ಪ್ಯಾಕೇಜುಗಳನ್ನು ಜೋಡಿಸಲು 1990ರ ದಶಕದಲ್ಲಿ ಬಾಬ್ ಗ್ಲಿಕ್‌ಸ್ಟೈನ್ ಬರೆದಿದ್ದ ಗ್ನೂ ಸ್ಟೋ ಇದಕ್ಕೂ ಒದಗುತ್ತದೆಂದು 2012ರ ಸುಮಾರಿಗೆ ಹರಡಿತು. ವಿಮ್ ಎಂಬ ಫೋಲ್ಡರಿನಲ್ಲಿ ವಿಮ್‌ನ ಫೈಲುಗಳು, ಗಿಟ್ ಎಂಬುದರಲ್ಲಿ ಗಿಟ್‌ನವು. ಸ್ಟೋಗೆ ಫೋಲ್ಡರಿನ ಹೆಸರು ಹೇಳಿದರೆ ಬೇಕಾದ ಲಿಂಕುಗಳನ್ನೆಲ್ಲ ಅದು ಹೋಮ್‌ನಲ್ಲಿ ಹಾಕುತ್ತದೆ. ಸ್ಟೋ ಇಲ್ಲದ ಯಂತ್ರದಲ್ಲೂ ಈ ಫೈಲುಗಳು ಮಾಮೂಲಿ ಫೈಲುಗಳೇ ಎಂಬುದು ಇದರ ಹೆಚ್ಚುಗಾರಿಕೆ.

ನಿಜವಾದ ತೊಡಕು ಯಂತ್ರಗಳ ವ್ಯತ್ಯಾಸದ್ದು. ಮನೆಯಲ್ಲಿ ಉಬುಂಟು, ಕಚೇರಿಯಲ್ಲಿ ಮ್ಯಾಕ್. ಇಲ್ಲಿ ಸ್ವಂತ ಇಮೇಲ್, ಅಲ್ಲಿ ಕಂಪನಿಯದು. 2018ರಲ್ಲಿ ಟಾಮ್ ಪೇನ್ ಶುರುಮಾಡಿದ ಶೇಮ್ವಾ ಎಂಬ ಸಾಧನ ಇದಕ್ಕೆ ಟೆಂಪ್ಲೇಟ್ ತಂದಿತು. ಗಿಟ್ ಸೆಟ್ಟಿಂಗಿನ ಇಮೇಲ್ ಸಾಲಿನಲ್ಲಿ ವಿಳಾಸದ ಬದಲು ಒಂದು ಷರತ್ತು ಇರುತ್ತದೆ; ಹೋಸ್ಟ್‌ನೇಮ್ ಕಚೇರಿಯದಾದರೆ ಒಂದು, ಇಲ್ಲವಾದರೆ ಇನ್ನೊಂದು. ಪಾಸ್‌ವರ್ಡ್ ಬೇಕಾದಲ್ಲಿ ಅದು ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಎಳೆದುಕೊಳ್ಳುತ್ತದೆ. ಇದು ಸಮರ್ಥ ಸಾಧನ. ಆದರೆ ಇಮೇಲ್ ಒಂದೇ ನಿಮ್ಮ ಸಮಸ್ಯೆಯಾಗಿದ್ದರೆ, ಫೋಲ್ಡರಿಗೆ ತಕ್ಕಂತೆ ಬೇರೆ ಸೆಟ್ಟಿಂಗ್ ಓದುವ ಏರ್ಪಾಡು 2017ರಿಂದ ಗಿಟ್‌ನಲ್ಲೇ ಇದೆ. ತಂತ್ರಾಂಶದೊಳಗೇ ಇರುವ ಪರಿಹಾರವನ್ನು ಮೊದಲು ನೋಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಫೈಲುಗಳ ಆಚೆಗೆ ಇಡೀ ಯಂತ್ರವನ್ನೇ ಬರೆದಿಡುವ ಯೋಚನೆಯನ್ನು ನಿಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರ್ ಮುಂದಿಡುತ್ತದೆ. ಎಲ್ಕೊ ಡೋಲ್‌ಸ್ಟ್ರಾ 2006ರಲ್ಲಿ ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪಿಎಚ್‌ಡಿ ಪ್ರಬಂಧ ಅದರ ತಳಪಾಯ. ಅದರ ಮೇಲೆ ಕಟ್ಟಿದ ಹೋಮ್ ಮ್ಯಾನೇಜರ್‌ಗೆ ಯಾವ ಉಪಕರಣಗಳು, ಯಾವ ಸೆಟ್ಟಿಂಗ್ ಬೇಕೆಂದು ಬರೆದುಕೊಟ್ಟರೆ ಅದು ಆ ಸ್ಥಿತಿಯನ್ನು ಕಟ್ಟುತ್ತದೆ, ಕೆಟ್ಟರೆ ಹಿಂದಿನದಕ್ಕೆ ಮರಳಿಸುತ್ತದೆ. ನಿಕ್ಸ್‌ನ ಭಾಷೆ ಕಲಿಯಲು ತಾಳ್ಮೆ ಬೇಕು. ಒಂದೇ ಲ್ಯಾಪ್‌ಟಾಪ್ ಇರುವವರಿಗೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಎಲ್ಲ ಸೆಟ್ಟಿಂಗ್ ಪಠ್ಯವಾಗಿಯೂ ಇರುವುದಿಲ್ಲ. ಲಿನಕ್ಸ್‌ನಲ್ಲಿ ಕನ್ನಡ ಬಳಸುವವರಿಗೆ ಇದು ಕೂಡಲೇ ಗೊತ್ತಾಗುತ್ತದೆ. ಕನ್ನಡಕ್ಕೆ ಯಾವ ಫಾಂಟ್ ಮೊದಲು ಬರಬೇಕೆಂದು ಹೇಳುವ ಫಾಂಟ್‌ಕಾನ್ಫಿಗ್ ಫೈಲು ಶುದ್ಧ ಪಠ್ಯ, ಗಿಟ್‌ಗೆ ಹಾಕಿದರೆ ಮುಗಿಯಿತು. ಆದರೆ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯನ್ನು ಗ್ನೋಮ್‌ನಲ್ಲಿ ಆರಿಸಿಕೊಂಡದ್ದು ಡಿಕಾನ್ಫ್ ಎಂಬ ಬೈನರಿ ಕಣಜದಲ್ಲಿ ಸೇರುತ್ತದೆ. ಅದನ್ನು ಡಂಪ್ ಆಜ್ಞೆಯಿಂದ ಪಠ್ಯಕ್ಕೆ ಇಳಿಸಿ, ಹೊಸ ಯಂತ್ರದಲ್ಲಿ ಲೋಡ್ ಮಾಡಬೇಕು.

ಈಚೆಗೆ ಲೆಕ್ಕಾಚಾರವೇ ಬದಲಾಗುತ್ತಿದೆ. ಗಿಟ್‌ಹಬ್ ಕೋಡ್‌ಸ್ಪೇಸಸ್‌ನಂಥ ಸೇವೆಗಳಲ್ಲಿ ಕೆಲಸದ ಯಂತ್ರವೆಂದರೆ ಬೇಕಾದಾಗ ಹುಟ್ಟಿ, ಕೆಲಸ ಮುಗಿದ ಮೇಲೆ ಅಳಿಸಿಹೋಗುವ ಕಂಟೇನರ್. ಅದು ಏಳುವಾಗ ನಿಮ್ಮ ಡಾಟ್‌ಫೈಲ್ ರೆಪೊಸಿಟರಿಯನ್ನು ತಾನೇ ತಂದು ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸುತ್ತದೆ. ನಡುವೆ ಪ್ರಶ್ನೆ ಕೇಳುವ, ಹತ್ತು ನಿಮಿಷ ಕಂಪೈಲ್ ಮಾಡುತ್ತ ಕೂರುವ ಸ್ಕ್ರಿಪ್ಟ್ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ವರ್ಷಗಳಿಂದ ಬೆಳೆದ ಫೈಲುಗಳನ್ನು ಜನ ಈಗ ಎರಡು ಪಾಲು ಮಾಡುತ್ತಿದ್ದಾರೆ: ಶೆಲ್, ಗಿಟ್, ಎಡಿಟರ್‌ನ ಅಷ್ಟಿಷ್ಟು ಎಲ್ಲೆಡೆಗೆ, ಉಳಿದದ್ದು ತಮ್ಮ ಮೇಜಿನ ಮೇಲಿನ ಯಂತ್ರಕ್ಕೆ.